ಬೆಕ್ಕಿನ ಕಿಂಡಿ ಹೊರಬಾಗಿಲಿಗೆ ಬೇಡ, ಉಗ್ರಾಣದ ಬಾಗಿಲಿಗೆ ಇರಲಿ

ರೀಲ್ಸ್ ನೋಡುವಾಗ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಯಾವುದೋ ದೇಶದ ಮನೆ, ಹೊಳೆಯುವ ಬಾಗಿಲು, ಆ ಬಾಗಿಲಿನ ಬುಡದಲ್ಲಿ ಇನ್ನೊಂದು ಸಣ್ಣ ಬಾಗಿಲು. ನಾಯಿ ಮೂಗಿನಿಂದ ತಳ್ಳಿಕೊಂಡು ಹೊರಗೆ ಹೋಗುತ್ತದೆ, ಬೆಕ್ಕು ಅದರಲ್ಲೇ ನುಸುಳಿ ಒಳಗೆ ಬರುತ್ತದೆ. ಯಾರೂ ಎದ್ದು ಬಾಗಿಲು ತೆಗೆಯಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಹುಡುಕಿದರೆ ನಮ್ಮಲ್ಲೂ ಸಿಗುತ್ತದೆ. ಹೋದ ತಿಂಗಳು ಊರಿನ ಇಬ್ಬರು ಹುಡುಗರು ಮನೆಗೆ ಬಂದವರು ಇದನ್ನೇ ಕೇಳಿದರು: "ಅಣ್ಣಾ, ನಿಮ್ಮನ್ಯಾಗ ಹಾಕ್ಸಿದ್ರಲ್ಲ, ಹೆಂಗೈತಿ? ನಾವೂ ತರಿಸ್ಬೇಕಂತ ಮಾಡೀವಿ."

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೈತರ ಮನೆಯಲ್ಲಿ ಬೆಕ್ಕಿಗೆ ಕಿಂಡಿ ಬೇಕೇ ಬೇಕು, ಆದರೆ ಅದು ಮನೆಯ ಹೊರಬಾಗಿಲಿಗಲ್ಲ, ಉಗ್ರಾಣದ ಒಳಬಾಗಿಲಿಗೆ. ನಾಯಿಗೆ ಮಾತ್ರ ನಮ್ಮ ಕಡೆ ಕಿಂಡಿ ಬೇಡವೇ ಬೇಡ. ಇದನ್ನು ಕಲಿಯಲು ನನಗೆ ಒಂದು ಬೆಕ್ಕು ಹೋಯಿತು, ಒಂದು ಒಳ್ಳೆಯ ಬಾಗಿಲು ಹಾಳಾಯಿತು, ಮನೆಯವರೆಲ್ಲ ಒಂದು ರಾತ್ರಿ ನಿದ್ದೆಯಿಲ್ಲದೆ ಕೂತರು. ನಿಮಗೆ ಅಷ್ಟು ಖರ್ಚು ಬೇಡ ಅಂತ ಈ ಲೇಖನ.

ಅಜ್ಜಿ ಮನೆಯಲ್ಲಿ ಇದು ಮೊದಲೇ ಇತ್ತು

ನಮ್ಮ ದಾಸನಕೊಪ್ಪ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಭತ್ತ, ಗೋವಿನಜೋಳ, ಶುಂಠಿ, ಒಂದಿಷ್ಟು ಅಡಿಕೆ. ಸುಗ್ಗಿ ಮುಗಿದ ಮೇಲೆ ಎಲ್ಲರ ಮನೆಯಲ್ಲೂ ಒಂದು ಕೋಣೆ ಚೀಲಗಳಿಂದ ತುಂಬಿರುತ್ತದೆ. ಚೀಲ ಇದ್ದಲ್ಲಿ ಇಲಿ ಇರುತ್ತದೆ.

ಶಿರಸಿ ಪಶ್ಚಿಮದ ಕಡೆ ಇರುವ ನಮ್ಮ ಅಜ್ಜಿಯ ಮನೆಯಲ್ಲಿ ಅಟ್ಟಕ್ಕೆ ಹೋಗುವ ಬಾಗಿಲಿನ ಬುಡದಲ್ಲಿ ಒಂದು ಚೌಕದ ತೂತು ಇತ್ತು. ಬಾಗಿಲು ಮಾಡುವಾಗಲೇ ಬಡಿಗೇರ ಕೊರೆದು ಕೊಟ್ಟದ್ದು. ಅಂಚು ಬೆಕ್ಕಿನ ಮೈ ಉಜ್ಜಿ ಉಜ್ಜಿ ನುಣ್ಣಗೆ ಕಪ್ಪಾಗಿತ್ತು. ಅಟ್ಟದಲ್ಲಿ ಅಡಿಕೆ, ಭತ್ತ, ಹಳೆ ಪಾತ್ರೆ. ರಾತ್ರಿ ಬಾಗಿಲಿಗೆ ಚಿಲಕ ಹಾಕಿದರೂ ಬೆಕ್ಕಿಗೆ ದಾರಿ ಇತ್ತು. ಅದನ್ನು ಯಾರೂ ವಿಶೇಷ ಅಂದುಕೊಂಡಿರಲಿಲ್ಲ. ಮನುಷ್ಯರಿಗೆ ದಾರಿ ಬಿಟ್ಟು ದನಕ್ಕೆ ತಡೆ ಹಾಕುವ ತೋಟದ ದಣಪೆ ಹೇಗೋ, ಮನುಷ್ಯರಿಗೆ ತಡೆ ಹಾಕಿ ಬೆಕ್ಕಿಗೆ ದಾರಿ ಬಿಡುವ ಕಿಂಡಿಯೂ ಹಾಗೇ.

ಇದು ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಇಂಗ್ಲೆಂಡಿನ ಎಕ್ಸೆಟರ್ ಎಂಬ ಊರಿನ ದೊಡ್ಡ ಚರ್ಚಿನಲ್ಲಿ ಗಡಿಯಾರದ ಕೋಣೆಯ ಬಾಗಿಲಿಗೆ ಇವತ್ತಿಗೂ ಒಂದು ಬೆಕ್ಕಿನ ತೂತು ಇದೆ. ಆ ಚರ್ಚಿನ ಲೆಕ್ಕದ ಪುಸ್ತಕದಲ್ಲಿ 14 ಮತ್ತು 15ನೇ ಶತಮಾನದಲ್ಲಿ ಬೆಕ್ಕಿನ ಹೆಸರಲ್ಲಿ ಮೂರು ತಿಂಗಳಿಗೊಮ್ಮೆ ಹಣ ಕೊಟ್ಟ ಲೆಕ್ಕ ಇದೆ. ಇಲಿ ಹಿಡಿಯುವ ಕೆಲಸಕ್ಕೆ ಬೆಕ್ಕಿಗೆ ಸಂಬಳ ಅಂತಲೇ ಅಂದುಕೊಳ್ಳಿ. ಅಲ್ಲೂ ಕಿಂಡಿ ಇದ್ದದ್ದು ಒಳಗಿನ ಕೋಣೆಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸ ಮನೆ ಕಟ್ಟಿದೆವು, ಬೆಕ್ಕನ್ನು ಮರೆತೆವು

ನಾವು ಹೊಸ ಮನೆ ಕಟ್ಟಿದಾಗ ಎಲ್ಲ ಯೋಚನೆ ಮಾಡಿದೆವು. ಸ್ಲ್ಯಾಬು, ಟೈಲ್ಸು, ಕಿಟಕಿಗೆ ಸೊಳ್ಳೆ ಪರದೆ, ಉಗ್ರಾಣಕ್ಕೆ ಗಟ್ಟಿ ಬಾಗಿಲು. ಬೆಕ್ಕು ಎಲ್ಲಿಂದ ಓಡಾಡಬೇಕು ಅಂತ ಒಬ್ಬರೂ ಕೇಳಲಿಲ್ಲ. "ಇಲಿ ಹೆಂಗ ಬರ್ತೈತಿ, ಎಲ್ಲಾ ಸಿಮೆಂಟ್ ಐತಲ್ಲ" ಅಂದವನು ನಾನೇ.

ಇಲಿ ಬಂತು. ಬಾಗಿಲ ಬುಡದ ಸಂದಿಯಿಂದ, ವೈರಿಂಗ್ ಪೈಪಿನ ತೂತಿನಿಂದ, ಹಿಂದಿನ ಶೀಟಿನ ಮಾಡು ಗೋಡೆಗೆ ಕೂಡುವ ಜಾಗದಿಂದ. ಚಿಕ್ಕ ಇಲಿಮರಿಗೆ ನಿಮ್ಮ ಕಿರುಬೆರಳು ಹೋಗುವಷ್ಟು ಜಾಗ ಸಾಕು. ದೊಡ್ಡ ಇಲಿಗೆ ಅರ್ಧ ಇಂಚಿನ ಸಂದಿ ಸಿಕ್ಕರೆ ಉಳಿದದ್ದನ್ನು ಅದೇ ಕಡಿದು ಮಾಡಿಕೊಳ್ಳುತ್ತದೆ. ಇಲಿಗೆ ದಾರಿ ಇತ್ತು, ಬೆಕ್ಕಿಗೆ ಇರಲಿಲ್ಲ. ರಾತ್ರಿಯೆಲ್ಲ ಒಳಗೆ ಗೋಣಿಚೀಲ ಕಡಿಯುವ ಸದ್ದು, ಬಾಗಿಲ ಹೊರಗೆ ನಮ್ಮ ಚುಕ್ಕಿ ಕೂತು ಕೂಗುವ ಸದ್ದು.

ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪೇಟೆಯಿಂದ ಇಲಿ ಪಾಷಾಣದ ಬಿಲ್ಲೆ ತಂದು ಚೀಲಗಳ ಸಂದಿಯಲ್ಲಿ ಇಟ್ಟೆ. ನಾಲ್ಕೈದು ಇಲಿ ಸತ್ತವು. ಒಂದು ವಾರ ಕಳೆದ ಮೇಲೆ ಚುಕ್ಕಿ ಊಟ ಬಿಟ್ಟಳು, ಒಸಡು ಬಿಳಿಚಿಕೊಂಡಿತು, ಮೂಗಿನಲ್ಲಿ ರಕ್ತ. ಪಶು ವೈದ್ಯರ ಹತ್ತಿರ ಒಯ್ಯುವಷ್ಟರಲ್ಲಿ ತಡವಾಗಿತ್ತು. ಅವ್ವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದರ ಹಿಂದಿನ ವಿಷಯ ತಿಳಿದುಕೊಂಡಿರಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಇಲಿ ವಿಷ ಎರಡು ಬಗೆ. ಒಂದು ಜಿಂಕ್ ಫಾಸ್ಫೈಡ್, ಕಪ್ಪು ಪುಡಿ. ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ನೇರವಾದ ಪ್ರತಿವಿಷ ಇಲ್ಲ. ಇನ್ನೊಂದು ಬ್ರೊಮಾಡಿಯೊಲೋನ್, ಬಿಲ್ಲೆಯ ರೂಪದಲ್ಲಿ ಬರುವುದು. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥ ಇಲಿಯನ್ನು ಹಿಡಿಯುವುದು ಬೆಕ್ಕಿಗೆ ಬಹಳ ಸುಲಭ. ಇಲಿಯ ಮೈಯಲ್ಲಿದ್ದ ವಿಷ ಬೆಕ್ಕಿಗೆ, ಗೂಬೆಗೆ, ಕೇರೆಹಾವಿಗೆ ದಾಟುತ್ತದೆ. ಅಂದರೆ ಇಲಿ ತಿನ್ನುವವರನ್ನೇ ನಾವು ಕೊಲ್ಲುತ್ತೇವೆ. ಬ್ರೊಮಾಡಿಯೊಲೋನ್‌ಗೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಆದರೆ ಬೇಗ ಹೋಗಬೇಕು, ಯಾವ ವಿಷ ಇಟ್ಟಿದ್ದಿರಿ ಅಂತ ಹೇಳಬೇಕು. ಆದ್ದರಿಂದ ವಿಷದ ಪ್ಯಾಕೆಟ್ಟಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೆಕ್ಕು ಸಾಕುವ ಮನೆಯೊಳಗೆ ವಿಷ ಇಡಬೇಡಿ ಎಂಬುದೇ ನನ್ನ ಮೊದಲ ಮಾತು.

ಆಮೇಲೆ ನಾನು ಮಾಡಿದ ತಪ್ಪು

ಚುಕ್ಕಿ ಹೋದ ಮೇಲೆ ಇನ್ನೊಂದು ಮರಿ ತಂದೆವು. ಈ ಸಲ ಬುದ್ಧಿವಂತನಾಗಬೇಕು ಅಂತ ಆನ್‌ಲೈನ್‌ನಲ್ಲಿ ಒಂದು ಪ್ಲಾಸ್ಟಿಕ್ ಕಿಂಡಿ ತರಿಸಿದೆ. ನಾಯಿ ಕರಿಯನಿಗೂ ಆಗಲಿ ಅಂತ ದೊಡ್ಡ ಸೈಜೇ ತರಿಸಿ, ಹಿಂಬಾಗಿಲಿಗೆ ಹಾಕಿಸಿದೆ. ಬಡಿಗೇರ ಅಣ್ಣ ಗರಗಸ ಹಿಡಿದುಕೊಂಡೇ ಕೇಳಿದ: "ತಮ್ಮಾ, ಇಷ್ಟು ಚಲೋ ಬಾಗಿಲು, ಕೊರೀಲೇನು? ಮಳೆಗಾಲ ಬಂದ್ರ ಏನ್ ಮಾಡ್ತಿ?" ನಾನು ಕೇಳಲಿಲ್ಲ.

ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಮಳೆ ಶುರುವಾದ ಮೇಲೆ ಒಂದೊಂದೇ ಗೊತ್ತಾಯಿತು.

ಕೊರೆದ ಅಂಚಿನಿಂದ ನೀರು ಹೀರಿ ಬಾಗಿಲು ಉಬ್ಬಿತು. ಬಾಗಿಲು ಉಬ್ಬಿದಾಗ ಕಿಂಡಿಯ ಚೌಕಟ್ಟು ಸೊಟ್ಟಗಾಯಿತು, ಮುಚ್ಚಳ ಪೂರ್ತಿ ಮುಚ್ಚದೆ ಎರಡು ಬೆರಳು ತೆರೆದೇ ಉಳಿಯಿತು. ಮುಚ್ಚಳವನ್ನು ಹಿಡಿದಿಡುವ ಆಯಸ್ಕಾಂತ ಕೆಸರು ಮೆತ್ತಿಕೊಂಡು ಕೆಲಸ ಬಿಟ್ಟಿತು. ಮೊದಲು ಕಪ್ಪೆ ಬಂದವು. ಆಮೇಲೆ ಪಕ್ಕದ ಮನೆಯ ಗಂಡುಬೆಕ್ಕು ಬಂದು ಹಾಲಿನ ಪಾತ್ರೆ ಉರುಳಿಸಿತು. ಒಂದು ರಾತ್ರಿ ಅವ್ವ ನೀರು ಕುಡಿಯಲು ಎದ್ದಾಗ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬಿಯ ಪಕ್ಕ, ಒಂದು ಕಟ್ಟುಹಾವು.

ಕಟ್ಟುಹಾವು ಎಂದರೆ ಏನು ಅಂತ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ನೋವೂ ಬಾವೂ ಹೆಚ್ಚಿಲ್ಲದ ಕಾರಣ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಮ್ಮನೆಯಲ್ಲಿ ಮಕ್ಕಳು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಹಾವು ಹಿಡಿಯುವವರು ಬರುವವರೆಗೆ ಎಲ್ಲರೂ ಮಂಚ, ಕುರ್ಚಿ ಹತ್ತಿ ಕೂತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು, ಮತ್ತು ಅದಕ್ಕೆ ಬಾಗಿಲು ತೆರೆದುಕೊಟ್ಟವನು ನಾನು.

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಷ್ಟು ದೊಡ್ಡ ಸಮಸ್ಯೆ ಅದು. ಅಂಥ ಊರಿನಲ್ಲಿ ಇದ್ದುಕೊಂಡು ನೆಲಮಟ್ಟದಲ್ಲಿ, ಹೊರಬಾಗಿಲಿಗೆ, ರಾತ್ರಿಯಿಡೀ ತೆರೆದುಕೊಳ್ಳುವ ತೂತು ಇಡುವುದು ಜಾಣತನ ಅಲ್ಲ. ಮರುದಿನವೇ ಹಲಗೆ ಹೊಡೆಸಿ ಮುಚ್ಚಿಸಿದೆ. ಆ ತೇಪೆ ಈಗಲೂ ಹಿಂಬಾಗಿಲಿನಲ್ಲಿ ಕಾಣುತ್ತದೆ.

ನಾಯಿಗೆ ಯಾಕೆ ಬೇಡ

ಇಲ್ಲಿ ಕೆಲವರು ನನ್ನ ಜೊತೆ ವಾದ ಮಾಡುತ್ತಾರೆ. "ನಾಯಿ ಸಾಕೋದೇ ರಾತ್ರಿ ಕಾವಲಿಗೆ. ಹಂದಿ ಬರ್ತಾವ, ಕಳ್ಳರು ಬರ್ತಾರ. ನಾಯಿಗೆ ಒಳಗೂ ಹೊರಗೂ ದಾರಿ ಇದ್ರ ಚಲೋ ಅಲ್ಲೇನು?" ಕೇಳಲು ಸರಿ ಅನ್ನಿಸುತ್ತದೆ. ಆದರೆ ನಾಯಿ ನುಸುಳುವ ತೂತಿನಲ್ಲಿ ಇನ್ನೇನು ನುಸುಳುತ್ತದೆ ಅಂತ ಯೋಚಿಸಿ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನಲ್ಲಿ ಜಗುಲಿಯಿಂದ ನಾಯಿ ಕಾಣೆಯಾದ ಕಥೆ ಇಲ್ಲದ ಊರು ಕಡಿಮೆ. ಚಿರತೆಗೆ ನಾಯಿ ಇಷ್ಟದ ಬೇಟೆ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ತೂಕದ ಲೆಕ್ಕದಲ್ಲಿ ಆ ಚಿರತೆಗಳ ಆಹಾರದ ಶೇಕಡಾ 39ರಷ್ಟು ನಾಯಿಯೇ ಆಗಿತ್ತು.

ಇನ್ನೊಂದು ಘಟನೆ ನಿಮ್ಮಲ್ಲಿ ಬಹಳ ಜನ ಮೊಬೈಲಿನಲ್ಲೇ ನೋಡಿದ್ದೀರಿ. 2021ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಕಡಬ ತಾಲೂಕಿನ ಬಿಳಿನೆಲೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ, ನಾಯಿಯ ಹಿಂದೆಯೇ ಮನೆಯ ಶೌಚಾಲಯದೊಳಗೆ ನುಗ್ಗಿತು. ಮನೆಯವರು ಹೊರಗಿನಿಂದ ಚಿಲಕ ಹಾಕಿದರು. ಚಿರತೆ ಒಂದು ಮೂಲೆ, ನಾಯಿ ಇನ್ನೊಂದು ಮೂಲೆ, ಗಂಟೆಗಟ್ಟಲೆ ಎರಡೂ ಹಾಗೇ ಕೂತಿದ್ದವು. ಕೊನೆಗೆ ಚಿರತೆ ಮಾಡು ಒಡೆದು ಓಡಿತು, ನಾಯಿ ಬದುಕಿತು. ಆ ಫೋಟೋ ನೋಡಿ ಎಲ್ಲರೂ ನಕ್ಕೆವು. ಆದರೆ ಅದು ಶೌಚಾಲಯ ಆಗಿರದೆ ನಿಮ್ಮ ನಡುಮನೆ ಆಗಿದ್ದರೆ? ಜೀವ ಉಳಿಸಿಕೊಳ್ಳಲು ನಾಯಿ ಓಡಿ ಬರುವುದು ತನಗೆ ಗೊತ್ತಿರುವ ಕಿಂಡಿಗೇ. ಹಿಂದೆ ಬರುವುದು ತಲೆ ತೂರುವ ಜಾಗದಲ್ಲಿ ಮೈ ತೂರಿಸುವ ಪ್ರಾಣಿ.

ಹಾಗಾದರೆ ನಾಯಿಗೆ ಏನು? ಕತ್ತಲಾಗುವ ಹೊತ್ತಿಗೆ ಬಾಗಿಲಿರುವ ಗಟ್ಟಿ ಗೂಡು. ನಾನು ಮಾಡಿಸಿದ್ದು ಮನೆಯ ಗೋಡೆಗೆ ತಾಗಿಸಿ, ಕಬ್ಬಿಣದ ಚೌಕಟ್ಟಿಗೆ ವೆಲ್ಡ್ ಮಾಡಿದ ಜಾಲರಿ, ಮೇಲೆ ಶೀಟು, ಕೆಳಗೆ ಕಾಂಕ್ರೀಟು, ಹೊರಗಿನಿಂದ ಚಿಲಕ. ಹೊರಗಿನಿಂದ ಪಂಜ ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಇರಲಿ. ಕರಿಯ ಒಳಗೆ ಇದ್ದುಕೊಂಡೇ ಬೊಗಳುತ್ತಾನೆ. ನನಗೆ ಎಚ್ಚರವಾಗಲು ಅಷ್ಟು ಸಾಕು. ಕಾವಲು ಅಂದರೆ ಸುದ್ದಿ ಮುಟ್ಟಿಸುವುದು. ಚಿರತೆ ಜೊತೆ ಹೊಡೆದಾಡುವುದು ನಾಯಿಯ ಕೆಲಸ ಅಲ್ಲ.

ಅಂಬೆಗಾಲಿಡುವ ಮಕ್ಕಳಿರುವ ಮನೆಯವರಿಗೆ ಇನ್ನೂ ಒಂದು ಮಾತು. ನಾಯಿ ದಾಟುವ ಕಿಂಡಿಯಲ್ಲಿ ಮಗುವೂ ದಾಟುತ್ತದೆ. ಹಿತ್ತಿಲಲ್ಲಿ ಬಾವಿ, ಕೃಷಿಹೊಂಡ ಇದ್ದರೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಿಂಡಿ ಎಲ್ಲಿ, ಎಷ್ಟು, ಹೇಗೆ

ಈಗ ನಮ್ಮನೆಯಲ್ಲಿ ಇರುವ ವ್ಯವಸ್ಥೆ ಹೀಗಿದೆ. ಹಗಲು ಬೆಕ್ಕು ಎಲ್ಲರ ಹಾಗೆ ತೆರೆದ ಬಾಗಿಲಲ್ಲೇ ಓಡಾಡುತ್ತದೆ. ಸಂಜೆ ಏಳೂವರೆ ಹೊತ್ತಿಗೆ ಊಟದ ತಟ್ಟೆ ಸದ್ದು ಮಾಡಿದರೆ ಒಳಗೆ ಬರುತ್ತದೆ. ಆಮೇಲೆ ಹೊರಬಾಗಿಲು ಬಂದ್. ರಾತ್ರಿಯಿಡೀ ಮನೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಮನೆಗೆ ಕಿಂಡಿಯಲ್ಲಿ ಓಡಾಡುತ್ತದೆ. ಇಲಿ ಬರುವ ಹೊತ್ತಿಗೆ ಬೆಕ್ಕು ಚೀಲದ ಮೇಲೆ ಇರುತ್ತದೆ. ಹಾವಿಗೆ ದಾರಿ ಇಲ್ಲ, ಚಿರತೆಗೆ ದಾರಿ ಇಲ್ಲ, ಮಳೆಗೆ ಬಾಗಿಲು ಉಬ್ಬುವುದೂ ಇಲ್ಲ.

ಇದಕ್ಕೆ ದುಬಾರಿ ಸಾಮಾನು ಬೇಕಾಗಿಲ್ಲ. ಬೆಕ್ಕಿನ ಕುತ್ತಿಗೆಯ ಪಟ್ಟಿ ಅಥವಾ ಚರ್ಮದ ಕೆಳಗಿನ ಚಿಪ್ ಗುರುತಿಸಿ ತೆರೆಯುವ ಬ್ಯಾಟರಿ ಕಿಂಡಿಗಳೂ ಇವೆ. ದನದ ಕಿವಿಗೆ ಹಾಕುವ ಹಳದಿ ಬಿಲ್ಲೆಯಲ್ಲಿ 12 ಅಂಕಿ ಇದ್ದ ಹಾಗೆ ಆ ಚಿಪ್‌ನಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ, ಬೇರೆ ಬೆಕ್ಕು ಬಂದರೆ ಬಾಗಿಲು ತೆರೆಯುವುದಿಲ್ಲ. ನೋಡಲು ಚೆಂದ. ಆದರೆ ಒಳಬಾಗಿಲಿಗೆ ಅದರ ಅಗತ್ಯವೇ ಇಲ್ಲ, ಏಕೆಂದರೆ ಬೇರೆ ಬೆಕ್ಕು ಅಲ್ಲಿಯವರೆಗೆ ಬರುವುದೇ ಇಲ್ಲ. ಒಂದು ಹಲಗೆ ತುಂಡು, ಎರಡು ಸಣ್ಣ ತಿರುಗಣೆ, ಬಡಿಗೇರರ ಅರ್ಧ ದಿನದ ಕೆಲಸ. ಅಷ್ಟೇ.

ಅಳತೆ: ಸಾಮಾನ್ಯ ನಾಟಿ ಬೆಕ್ಕಿಗೆ 15 ಸೆಂಟಿಮೀಟರ್ ಅಗಲ, 17 ಸೆಂಟಿಮೀಟರ್ ಎತ್ತರ ಸಾಕು. ದಪ್ಪ ಗಂಡುಬೆಕ್ಕು ಆದರೆ ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಜಾಸ್ತಿ ಮಾಡಿ. ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ಅದೇ ಅಳತೆಯ ತೂತು ಕೊರೆದು, ಆಚೆ ಬದಿ ಮೀನಿನ ತುಂಡು ಇಟ್ಟು ನೋಡಿ. ಬೆಕ್ಕು ಸಲೀಸಾಗಿ ದಾಟಿದರೆ ಆಮೇಲೆ ಬಾಗಿಲಿಗೆ ಕೈ ಹಾಕಿ.

ಎತ್ತರ: ತೂತಿನ ಕೆಳ ಅಂಚು ನೆಲದಿಂದ 10ರಿಂದ 12 ಸೆಂಟಿಮೀಟರ್ ಮೇಲಿರಲಿ, ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ. ಬೆಕ್ಕು ಕಾಲೆತ್ತಿ ದಾಟುತ್ತದೆ. ನೆಲ ಗುಡಿಸುವಾಗ ಕಸ ಆಚೆ ಹೋಗುವುದಿಲ್ಲ, ಬಾಗಿಲಿನ ಕೆಳಪಟ್ಟಿಯೂ ಗಟ್ಟಿಯಾಗಿ ಉಳಿಯುತ್ತದೆ.

ಕೊರೆಯುವುದು: ಹಲಗೆ ಕೂರಿಸಿದ ಬಾಗಿಲಾದರೆ ನಡುವಿನ ಹಲಗೆಯನ್ನಷ್ಟೇ ಕೊರೆಯಿರಿ, ಸುತ್ತಲಿನ ದಪ್ಪ ಪಟ್ಟಿಯನ್ನು ಮುಟ್ಟಬೇಡಿ. ಮುಟ್ಟಿದರೆ ಬಾಗಿಲು ಜೋಲುತ್ತದೆ. ನಾಲ್ಕು ಮೂಲೆಗೆ ಡ್ರಿಲ್‌ನಲ್ಲಿ ತೂತು ಮಾಡಿ, ಸಣ್ಣ ಗರಗಸದಲ್ಲಿ ಗೆರೆ ಸೇರಿಸಿ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ವಾರ್ನಿಷ್ ಹಚ್ಚಿ, ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಬೆಕ್ಕನ್ನು ದೂರ ಇಡಿ. ಕೊರೆದ ಅಂಚಿಗೆ ತೆಳುವಾದ ತಗಡಿನ ಪಟ್ಟಿ ಬಡಿಸಿ. ಇಲ್ಲದಿದ್ದರೆ ಇಲಿ ಅದೇ ತೂತನ್ನು ಕಡಿದು ದೊಡ್ಡದು ಮಾಡುತ್ತದೆ. ತಗಡಿನ ತುದಿ ಒಳಗೆ ಮಡಚಿರಲಿ, ಬೆಕ್ಕಿನ ಮೈಗೆ ಕುಯ್ಯಬಾರದು.

ಮುಚ್ಚಳ: ಮೇಲಿನಿಂದ ತೂಗುವ ಹಗುರ ಹಲಗೆ, ಎರಡೂ ಕಡೆಗೆ ಆಡುವ ಹಾಗೆ. ಸುತ್ತ ಮೂರು ಮಿಲಿಮೀಟರ್ ಸಂದಿ ಸಾಕು. ಜೊತೆಗೆ ಒಂದು ಸಣ್ಣ ಚಿಲಕವನ್ನೂ ಹಾಕಿಸಿ. ಉಗ್ರಾಣದಲ್ಲಿ ಕಾಳಿಗೆ ಹುಳದ ಔಷಧಿ ಇಟ್ಟ ದಿನಗಳಲ್ಲಿ ಕಿಂಡಿಗೆ ಚಿಲಕ ಹಾಕಲೇಬೇಕು. ಮಾತ್ರೆ ರೂಪದ ಹೊಗೆಮದ್ದಿನಿಂದ ಬರುವುದೂ ಅದೇ ಫಾಸ್ಫೀನ್ ಅನಿಲ, ಬೆಕ್ಕಿಗೂ ಮನುಷ್ಯರಿಗೂ ಒಂದೇ. ಮನೆಗೆ ಅಂಟಿಕೊಂಡ ಉಗ್ರಾಣದಲ್ಲಿ, ಅದರಲ್ಲೂ ಒಳಬಾಗಿಲಿಗೆ ಕಿಂಡಿ ಇರುವಾಗ, ಆ ಮಾತ್ರೆ ಬಳಸುವುದೇ ಬೇಡ.

ಕಲಿಸುವುದು: ಮೊದಲ ಮೂರು ದಿನ ಮುಚ್ಚಳವನ್ನು ದಾರದಿಂದ ಮೇಲಕ್ಕೆ ಕಟ್ಟಿಬಿಡಿ. ನಾಲ್ಕನೇ ದಿನ ಅರ್ಧ ಇಳಿಸಿ. ವಾರದೊಳಗೆ ತಲೆಯಿಂದ ತಳ್ಳುವುದನ್ನು ಅದೇ ಕಲಿಯುತ್ತದೆ. ಹಿಡಿದು ತೂರಿಸಬೇಡಿ, ಒಮ್ಮೆ ಹೆದರಿದರೆ ತಿಂಗಳು ಹತ್ತಿರ ಬರುವುದಿಲ್ಲ.

ಉಗ್ರಾಣ ಮನೆಯಿಂದ ಬೇರೆ ಇದ್ದು, ಹೊರಗೋಡೆಗೇ ಕಿಂಡಿ ಇಡಬೇಕಾದವರು ನೆಲಮಟ್ಟದಲ್ಲಿ ಇಡಬೇಡಿ. ಮೂರು ಅಡಿ ಎತ್ತರದಲ್ಲಿ, ಗೋಡೆಗೆ 6 ಇಂಚಿನ ಪಿವಿಸಿ ಪೈಪಿನ ತುಂಡು ಕೂರಿಸಿ, ಹೊರಗಿನ ತುದಿ ಸ್ವಲ್ಪ ಇಳಿಜಾರಾಗಿರಲಿ. ಇಲ್ಲದಿದ್ದರೆ ಜಡಿಮಳೆಯ ನೀರು ಚೀಲಕ್ಕೇ ಬರುತ್ತದೆ. ಪೈಪಿನ ಸುತ್ತ ಗೋಡೆಗೆ ನುಣುಪಾದ ತಗಡು ಹೊಡೆಯಿರಿ, ಬೆಕ್ಕು ಹಾರಿ ಕೂರಲು ಒಂದು ಹಲಗೆ ಕೊಡಿ. ಕಂಬ, ಬೀಮು, ವೈರಿಂಗ್ ಇರುವ ಜಾಗ ಬಿಟ್ಟು ಕೊರೆಯಿರಿ. ಇದರಿಂದ ಹಾವು ಇಲಿ ಪೂರ್ತಿ ನಿಲ್ಲುತ್ತವೆ ಅಂತ ನಾನು ಹೇಳುವುದಿಲ್ಲ. ನೆಲದ ತೂತಿಗಿಂತ ಎಷ್ಟೋ ವಾಸಿ. ಆದರೂ ಮನುಷ್ಯರು ಮಲಗುವ ಮನೆಗೆ ಇದನ್ನೂ ಮಾಡಬೇಡಿ. ಬಾಗಿಲಿಗೇ ಹಾಕುವುದಾದರೆ ಚಿಲಕದಿಂದ ಒಂದು ಕೈ ಉದ್ದಕ್ಕಿಂತ ದೂರ ಇರಲಿ, ತೂತಿನಲ್ಲಿ ಕೈ ಹಾಕಿ ಚಿಲಕ ತೆಗೆಯುವ ಕಳ್ಳರಿಗೆ ನಾವೇ ದಾರಿ ಮಾಡಿದ ಹಾಗಾಗಬಾರದು.

"ಬೆಕ್ಕೊಂದರಿಂದ ಇಲಿ ಹೋಗುತ್ತಾ?"

ಇದು ನ್ಯಾಯವಾದ ಪ್ರಶ್ನೆ. ಉತ್ತರ: ಪೂರ್ತಿ ಹೋಗುವುದಿಲ್ಲ. ನ್ಯೂಯಾರ್ಕ್ ನಗರದ ಒಂದು ತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಕ್ಯಾಮೆರಾ ಇಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಇಲಿಗಳು ತುಂಬಿದ್ದ ಜಾಗದಲ್ಲಿ ಬೀದಿಬೆಕ್ಕುಗಳು 79 ದಿನದಲ್ಲಿ ಕೊಂದದ್ದು ಎರಡೇ ಎರಡು ಇಲಿ. ದೊಡ್ಡ ಇಲಿ ಕಂಡರೆ ಬೆಕ್ಕೂ ಹಿಂದೆ ಸರಿಯುತ್ತದೆ. ನಮ್ಮ ಹೆಗ್ಗಣವನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ.

ಆದರೆ ಬೆಕ್ಕು ಮಾಡುವ ಕೆಲಸ ಬೇರೆ. ಚಿಕ್ಕ ಇಲಿ, ಇಲಿಮರಿಗಳನ್ನು ಅದು ಹಿಡಿಯುತ್ತದೆ. ಬೆಕ್ಕಿನ ವಾಸನೆ ಇರುವ ಕೋಣೆಯಲ್ಲಿ ಇಲಿ ನಿಶ್ಚಿಂತೆಯಿಂದ ಓಡಾಡುವುದಿಲ್ಲ. ಇಲಿ ತುಂಬಿದ ಮೇಲೆ ಬೆಕ್ಕು ತಂದರೆ ಪ್ರಯೋಜನ ಕಡಿಮೆ. ಇಲಿ ಬರುವ ಮೊದಲೇ ಬೆಕ್ಕು ಅಲ್ಲಿ ಓಡಾಡುತ್ತಿರಬೇಕು. ಅದಕ್ಕೇ ಕಿಂಡಿ. ಜೊತೆಗೆ ನಿಮ್ಮ ಪಾಲಿನ ಕೆಲಸ ಇದ್ದೇ ಇದೆ: ಚೀಲಗಳನ್ನು ಗೋಡೆಯಿಂದ ಒಂದೂವರೆ ಅಡಿ ದೂರ, ಹಲಗೆಯ ಮೇಲೆ ಜೋಡಿಸಿ, ಪೈಪಿನ ತೂತುಗಳನ್ನು ಸಿಮೆಂಟು ಮತ್ತು ತಂತಿ ಜಾಲರಿಯಿಂದ ಮುಚ್ಚಿ, ಬಾಗಿಲ ಬುಡಕ್ಕೆ ತಗಡಿನ ಪಟ್ಟಿ ಹೊಡೆಯಿರಿ, ಹೆಗ್ಗಣಕ್ಕೆ ಬೋನು ಇಡಿ. ಇಲಿ ಕಡಿಮೆಯಾದರೆ ಹಾವೂ ಕಡಿಮೆ. ಗದ್ದೆ ಕೆಲಸದಲ್ಲಿ ಕಾಲು ಒಡೆದವರಿಗೆ ಇಲಿ ಮೂತ್ರದಿಂದ ಹರಡುವ ಇಲಿಜ್ವರದ ಭಯವೂ ಕಡಿಮೆ.

ಬೆಕ್ಕಿನ ಲೆಕ್ಕವನ್ನೂ ಮಾಡಿ

ಬೆಕ್ಕನ್ನು ರಾತ್ರಿ ಒಳಗಿಟ್ಟ ಮೇಲೆ ಅದರ ಜವಾಬ್ದಾರಿ ನಮ್ಮದು. ಬಚ್ಚಲ ಮೂಲೆಯಲ್ಲಿ ಒಂದು ಅಗಲ ಬುಟ್ಟಿಗೆ ಒಣ ಮಣ್ಣು ಅಥವಾ ಬೂದಿ ಹಾಕಿ ಇಡಿ, ಚೀಲಗಳ ಹತ್ತಿರ ಬೇಡ. ದಿನಾ ಬೆಳಿಗ್ಗೆ ಚೆಲ್ಲಿ ಹೂತುಬಿಡಿ. ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಅದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು, ಆದ್ದರಿಂದ ದಿನಾ ಚೆಲ್ಲಿದರೆ ಅಪಾಯ ಬಹಳ ಕಡಿಮೆ. ಗರ್ಭಿಣಿಯರು ಮಾತ್ರ ಆ ಬುಟ್ಟಿ ಮುಟ್ಟುವುದು ಬೇಡ, ಆ ಕೆಲಸ ಗಂಡಸರು ಮಾಡಲಿ.

ಮೂರು ತಿಂಗಳ ಮರಿಗೆ ರೇಬಿಸ್ ಲಸಿಕೆ ಹಾಕಿಸಿ, ಪಶು ವೈದ್ಯರು ಹೇಳಿದ ಹಾಗೆ ಮುಂದುವರಿಸಿ. ರೇಬಿಸ್ ನಾಯಿಗೆ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸಂತಾನಹರಣ ಚಿಕಿತ್ಸೆ ಮಾಡಿಸಿ. ವರ್ಷಕ್ಕೆ ಎರಡು ಸಲ ಮರಿ ಹಾಕಿಸಿ ಚೀಲದಲ್ಲಿ ತುಂಬಿ ಪೇಟೆ ಹತ್ತಿರ ಬಿಟ್ಟು ಬರುವ ಅಭ್ಯಾಸ ನಮ್ಮ ತಲೆಮಾರಿಗೇ ನಿಲ್ಲಲಿ.

ಕೊನೆಗೆ ಉಣುಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆಯವರಿಗೆ ಅದರ ಭಯ ಹೇಳಿಕೊಡಬೇಕಾಗಿಲ್ಲ. ನವೆಂಬರ್‌ನಿಂದ ಮೇ ತನಕ ಕಾಡಂಚಿನಲ್ಲಿ ಓಡಾಡಿ ಬಂದ ನಾಯಿ ಬೆಕ್ಕು ಮೈಮೇಲೆ ಉಣುಗು ಹೊತ್ತು ತರಬಹುದು. ಮನಸ್ಸಿಗೆ ಬಂದಾಗ ಒಳಗೆ ಬರುವ ಕಿಂಡಿ ಇದ್ದರೆ ನೋಡುವವರಾರು? ಸಂಜೆ ಒಂದೇ ಹೊತ್ತಿಗೆ, ನಮ್ಮ ಕಣ್ಣೆದುರು ಒಳಗೆ ಬಂದರೆ ಕಿವಿ, ಕುತ್ತಿಗೆ, ಕಾಲ್ಬೆರಳ ಸಂದಿ ನೋಡಬಹುದು. ಉಣುಗಿಗೆ ಔಷಧಿ ಹಾಕುವಾಗ ಒಂದು ಎಚ್ಚರ: ನಾಯಿಗೆ ಹಾಕುವ ಪರ್ಮೆತ್ರಿನ್ ಇರುವ ಔಷಧಿ ಬೆಕ್ಕಿಗೆ ವಿಷ. ಉಳಿದದ್ದನ್ನು ಬೆಕ್ಕಿಗೆ ಸವರಬೇಡಿ. ಬೆಕ್ಕಿಗೆ ಬೇರೆಯೇ ಔಷಧಿ ಕೇಳಿ ತನ್ನಿ.

ಈಗ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಕಾರ್ಟಿಗೆ ಹಾಕಿಟ್ಟ ಆ ದೊಡ್ಡ ಪ್ಲಾಸ್ಟಿಕ್ ಕಿಂಡಿಯನ್ನು ತೆಗೆದುಬಿಡಿ. ಈ ಭಾನುವಾರ ಟಾರ್ಚ್ ಹಿಡಿದು ನಿಮ್ಮ ಉಗ್ರಾಣಕ್ಕೆ ಹೋಗಿ, ಇಲಿ ಹಿಕ್ಕೆ ಎಲ್ಲೆಲ್ಲಿ ಬಿದ್ದಿದೆ, ಸಂದಿ ಎಲ್ಲೆಲ್ಲಿ ಇದೆ ನೋಡಿ. ಆ ಬಾಗಿಲಿನ ಅಳತೆ ತೆಗೆದುಕೊಳ್ಳಿ. ಮನೆ ಕಟ್ಟುತ್ತಿರುವವರಾದರೆ ಇನ್ನೂ ಸುಲಭ, ಬಾಗಿಲು ಆಗುವ ಮೊದಲೇ ಬಡಿಗೇರರಿಗೆ ಒಂದು ಮಾತು ಹೇಳಿ.

ನಮ್ಮ ಈಗಿನ ಬೆಕ್ಕಿಗೂ ಅವ್ವ ಚುಕ್ಕಿ ಅಂತಲೇ ಹೆಸರಿಟ್ಟಿದ್ದಾಳೆ. ರಾತ್ರಿ ಒಂದೆರಡು ಸಲ ಉಗ್ರಾಣದ ಕಿಂಡಿಯ ಹಲಗೆ ಟಪ್ ಅನ್ನುತ್ತದೆ. ಚೀಲ ಕಡಿಯುವ ಸದ್ದು ಕೇಳಿ ವರ್ಷವಾಯಿತು.